ಅಕ್ಕನ ಎಡಗಡೆಯ ಸಾಸಿವೆ

ನಿಮ್ಮ ತಲೆಯ ಹಿಂಭಾಗವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಗುಂಡಗಿದ್ದರೆ ನಿಮ್ಮನ್ನು ಸಾಸಿವೆ ದಿಂಬಿನ ಮೇಲೆ ಮಲಗಿಸಿದ್ದರು ಎಂದು ತಿಳಿಯಿರಿ. ಚಪ್ಪಟೆಯಾಗಿದ್ದರೆ ಆ ಕಾಲಕ್ಕೆ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ ಎಂದುಕೊಂಡು ಸುಮ್ಮನಾಗಿ. ನಮ್ಮ ಕಡೆ ಹಸುಗೂಸಿನ ತಲೆಗೆ ಹತ್ತಿಯ ದಿಂಬು ಕೊಡುವುದಿಲ್ಲ. ಹಳೆಯ ಸೀರೆಯ ಮೆತ್ತನೆಯ ಭಾಗವನ್ನು ಹರಿದು, ಚೀಲ ಮಾಡಿ, ಒಳಗೆ ಸಾಸಿವೆ ತುಂಬಿ, ಬಾಯಿ ಹೊಲಿದು ಅದರ ಮೇಲೆ ಮಲಗಿಸುತ್ತಾರೆ. ಕೂಸು ಯಾವ ಮಗ್ಗುಲಿಗೆ ಹೊರಳಿದರೂ ಕಾಳುಗಳು ಸರಿದು ಜಾಗ ಮಾಡಿಕೊಡುತ್ತವೆ, ತಲೆ ಎಲ್ಲಿಯೂ ಒತ್ತದೆ ಗುಂಡಗಾಗುತ್ತದೆ, ಬೇಸಿಗೆಯಲ್ಲಿ ತಂಪಾಗಿಯೂ ಇರುತ್ತದೆ.

ನನ್ನ ತಲೆ ಹಿಂದೆ ಚಪ್ಪಟೆ. ಅದಕ್ಕೆ ನಮ್ಮವ್ವ ಕೊಡುತ್ತಿದ್ದ ಸಮಜಾಯಿಷಿ ಬಹಳ ಸರಳವಾಗಿತ್ತು. ದಿಂಬು ಹೊಲಿದದ್ದು ಅಕ್ಕ ನೀಲವ್ವನಿಗಾಗಿ. ನಾನು ಹುಟ್ಟುವ ಹೊತ್ತಿಗೆ ಹೊಲಿಗೆ ಸಡಿಲಾಗಿ ಅರ್ಧದಷ್ಟು ಸಾಸಿವೆ ಸೋರಿಹೋಗಿತ್ತು, ಮತ್ತೆ ತುಂಬಲು ಯಾರಿಗೂ ನೆನಪಾಗಲಿಲ್ಲ. ಎರಡನೆಯವರಾಗಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕ ಉಟ್ಟು ಬಿಟ್ಟ ಲಂಗ ನನಗೆ, ಅವಳು ಬರೆದು ಅಳಿಸಿ ನುಣುಪಾಗಿಸಿದ ಪಾಟಿ ನನಗೆ, ಅವಳ ಕಿವಿಯಿಂದ ಇಳಿದ ಓಲೆ ನನಗೆ. ಒಂದು ಬೇಸಿಗೆಯಲ್ಲಿ ಅವಳಿಗೆ ಮೈತುಂಬ ದಡಾರ ಎದ್ದಿತು. ಅವಳು ಬೇವಿನ ಎಲೆಯ ನೀರು ಹಾಕಿಸಿಕೊಂಡು ಎದ್ದು ಕೂತ ಮೇಲೆ, ಅದೇ ಹಾಸಿಗೆಯಲ್ಲಿ, ಅದೇ ದಡಾರ ನನಗೂ ಎದ್ದಿತು. ರೋಗವೂ ನಮ್ಮ ಮನೆಯಲ್ಲಿ ಹಿರಿತನ ನೋಡಿಯೇ ಬರುತ್ತಿತ್ತು.

ನಾವು ಬಾದಾಮಿಯವರು. ಬನಶಂಕರಿಗೆ ಹೋಗುವ ದಾರಿಯ ಬದಿಗೆ ನಮ್ಮ ಮನೆ. ಅಕ್ಕನನ್ನು ಇನ್ನೂ ಲಂಗ ಉಡುವ ವಯಸ್ಸಿನಲ್ಲೇ ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟರು. ಗಂಡ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತರೆ ಹೊರಗಿನ ಲೋಕ ಮರೆಯುವ ಮನುಷ್ಯ, ಮಾತು ಕಡಿಮೆ, ಕೆಡುಕು ಅದಕ್ಕಿಂತ ಕಡಿಮೆ. ಅಕ್ಕ ಚರಕದ ಮುಂದೆ ಕೂತು ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಚೊಚ್ಚಲ ಬಾಣಂತನಕ್ಕೆ ಬಂದಾಗ ಅವ್ವ ಆ ದಿಂಬಿನ ಹೊಲಿಗೆ ಬಿಚ್ಚಿ, ಹೊಸ ಸಾಸಿವೆಯನ್ನು ಗಟ್ಟಿಯಾಗಿ ತುಂಬಿ ಕೊಟ್ಟಳು. ನಾಲ್ಕು ಮಕ್ಕಳ ತಲೆ ಅದರ ಮೇಲೆ ಗುಂಡಗಾದವು. ನಾಲ್ಕಕ್ಕೂ ಅಕ್ಕ ಹಾಲು ಬಿಡಿಸಿದವಳಲ್ಲ; ಅವೇ ಆಡಲು ಓಡಿಹೋಗಿ ಮರೆತಾಗ ಬಿಟ್ಟವು. ಬಲಗೈಯಲ್ಲಿ ಚರಕ ತಿರುಗಿಸುತ್ತ ಎಡ ಮಗ್ಗುಲಿಗೆ ಕೂಸನ್ನು ಹಾಕಿಕೊಂಡು ಕುಡಿಸುವ ಅಕ್ಕನನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಈಗಲೂ ಅವಳೆಂದರೆ ನನಗೆ ಆ ಎಡ ಮಗ್ಗುಲೇ ಮೊದಲು ಕಣ್ಣಿಗೆ ಕಟ್ಟುತ್ತದೆ.

ನಾನು ಓದಿ ಬಾಗಲಕೋಟೆಯಲ್ಲಿ ಶಾಲೆಯ ಶಿಕ್ಷಕಿಯಾದೆ. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ‘ಅಕ್ಕೋರು’ ಎನ್ನುತ್ತಾರೆ. ಮನೆಯಲ್ಲಿ ಹುಟ್ಟಾ ತಂಗಿಯಾಗಿದ್ದ ನಾನು ಒಂದು ಓಣಿಗೇ ಅಕ್ಕನಾದದ್ದು ಸಣ್ಣ ಬಡ್ತಿಯೇನಲ್ಲ. ಮದುವೆ ಮಾತ್ರ ಆಗಲಿಲ್ಲ. ನೋಡಲು ಬಂದವರಿಗೆ ನನ್ನ ಮಾತು ಹೆಚ್ಚೆನಿಸಿತು, ನನಗೆ ಅವರ ಮಾತು ಹೆಚ್ಚೆನಿಸಿತು. ಹೀಗೆ ಮಾತಿನಲ್ಲೇ ವಯಸ್ಸು ಕಳೆಯಿತು. ಈ ವಿವರ ಮುಂದೆ ಕೆಲಸಕ್ಕೆ ಬರುತ್ತದೆ, ಆದ್ದರಿಂದ ಹೇಳಿದೆ.

ಎಪ್ಪತ್ತರ ದಶಕ ಇನ್ನೂ ಎಳೆಯದಾಗಿದ್ದಾಗ, ಅಕ್ಕ ಇಳಕಲ್ಲಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋಗಿ, ಸೆರಗು ಹೊದ್ದು ನೆಲ ನೋಡುತ್ತ, “ಎದ್ಯಾಗ ಗಂಟ ಕಟ್ಟಿದಂಗ ಆಗೈತ್ರಿ” ಎಂದಳು. ಅವರು ಸೆರಗಿನ ಮೇಲಿಂದಲೇ ನಳಿಗೆಯಿಟ್ಟು ಉಸಿರು ಆಲಿಸಿ, ಕಫ ಕಟ್ಟಿದೆ ಎಂದು ಹೇಳಿ, ಕೆಂಪು ಬಣ್ಣದ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಅವಳಿಗೆ ಕೆಮ್ಮಿರಲಿಲ್ಲ. ಆದರೂ ಡಾಕ್ಟರು ಕೊಟ್ಟ ಮೇಲೆ ಬಿಡಬಾರದೆಂದು ಬಾಟಲಿ ಮುಗಿಯುವ ತನಕ ಕುಡಿದಳು.

ಅವರನ್ನು ಬೈದು ಪ್ರಯೋಜನವಿಲ್ಲ, ತಪ್ಪು ನಡೆದದ್ದು ಆ ಶಬ್ದದಲ್ಲಿ. ಎದೆ ಎಂಬ ಎರಡಕ್ಷರದೊಳಗೆ ಕನ್ನಡ ಏನೆಲ್ಲವನ್ನು ತುರುಕಿಟ್ಟಿದೆ ನೋಡಿ. ಧೈರ್ಯವುಳ್ಳವನದು ಎದೆಗಾರಿಕೆ, ಧೈರ್ಯ ಹೋದವನು ಎದೆಗುಂದುತ್ತಾನೆ. ಹೆದರಿದರೆ ಎದೆ ಬಡಿಯುತ್ತದೆ, ದುಃಖವಾದರೆ ಎದೆ ಒಡೆಯುತ್ತದೆ, ಉಸಿರು ಹಿಡಿದರೂ ಎದೆಯೇ ನೋಯುತ್ತದೆ. ಇಷ್ಟೆಲ್ಲ ಗಂಡಸರಿಗೂ ಹೆಂಗಸರಿಗೂ ಸಮನಾಗಿ ಹಂಚಿದ ಮೇಲೆ, ಹೆಂಗಸರಿಗೆ ಮಾತ್ರ ಇರುವ ಅಂಗಕ್ಕೆ ಮರ್ಯಾದಸ್ಥೆಯಾದವಳು ಬಾಯಿಬಿಟ್ಟು ಹೇಳಬಹುದಾದ ಬೇರೊಂದು ಹೆಸರು ಉಳಿಯಲಿಲ್ಲ. ಇರುವ ಹೆಸರನ್ನು ಬೈಗುಳಕ್ಕೆ ಬಿಟ್ಟುಕೊಟ್ಟೆವು. ನಾಲ್ಕು ಮಕ್ಕಳ ತಾಯಿ ಪರಗಂಡಸಿನ ಮುಂದೆ ಆ ಶಬ್ದವನ್ನು ಹೇಗೆ ಆಡಬೇಕು? ‘ಗಂಟು’ ಎಂಬುದೂ ಅಷ್ಟೇ. ಕುಬಸದ ಗಂಟು, ಹಣದ ಗಂಟು, ಮುಖ ಗಂಟು ಹಾಕುವುದು, ಎಲ್ಲವೂ ಗಂಟೇ. ಎರಡು ಒಳ್ಳೆಯ ಕನ್ನಡ ಶಬ್ದಗಳು ಸೇರಿ ನನ್ನ ಅಕ್ಕನನ್ನು ಕೆಮ್ಮಿನ ರೋಗಿಯನ್ನಾಗಿ ಮಾಡಿದವು. ಮಕ್ಕಳಿಗೆ ನಾನಾರ್ಥ ಕಲಿಸುವಾಗ ನಾನು ಆಮೇಲೆ ‘ಎದೆ’ಯನ್ನು ಪಾಠದಿಂದ ಬಿಟ್ಟುಬಿಟ್ಟೆ.

ಡಾಕ್ಟರಿಗೆ ತಿಳಿಯದ್ದು ಓಣಿಯ ಹೆಂಗಸರಿಗೆ ತಿಳಿಯಿತು, ಅಥವಾ ತಿಳಿಯಿತೆಂದು ಅವರು ತಿಳಿದರು. ಅವರ ಪ್ರಕಾರ ಅದು ಹಾಲಗಂಟು. ಕೊನೆಯ ಮಗು ಬಿಟ್ಟ ಹಾಲು ಹೋಗಲು ದಾರಿಯಿಲ್ಲದೆ ಒಳಗೇ ಹೆಪ್ಪುಗಟ್ಟಿದೆ. ಕೂಸೊಂದು ಬಾಯಿ ಹಚ್ಚಿ ಎಳೆದರೆ ಕರಗಿ ಹೋಗುತ್ತದೆ. ಪಕ್ಕದ ಮನೆಯ ಮಾಬುಬಿಗೆ ಆಗಷ್ಟೇ ಹೆಣ್ಣು ಹುಟ್ಟಿತ್ತು. ಅವಳ ಗಂಡ ನೂಲಿಗೆ ಬಣ್ಣ ಹಾಕುವವನು. ಎರಡು ಮನೆಗಳ ನಡುವಿನ ಗೋಡೆ ಒಂದೇ, ಒಲೆಯ ಕೆಂಡವೂ ಎಷ್ಟೋ ಸಲ ಒಂದೇ. ಅವಳು ಒಂದು ಮಧ್ಯಾಹ್ನ ಕೂಸು ರೇಶ್ಮಾಳನ್ನು ಎತ್ತಿಕೊಂಡು ಬಂದು ಅಕ್ಕನ ಮಡಿಲಲ್ಲಿ ಹಾಕಿದಳು. ನಾನು ಶಾಲೆಗೆ ರಜೆಯಿದ್ದುದರಿಂದ ಅಲ್ಲಿಯೇ ಇದ್ದೆ; ಅವರು ಹಾಲಗಂಟು ಎಂದರು, ನಾನೂ ಹೌದೆಂದು ನಂಬಿದೆ.

“ನೋಡ ಯಕ್ಕಾ, ನಮ್ಮ ಮಂದ್ಯಾಗ ಹಾಲ ಕುಡಸಿದಾಕಿ ತಾಯಿನ ಆಗ್ತಾಳ,” ಎಂದಳು ಮಾಬುಬಿ. “ನಾಳೆ ನಿನ್ನ ಮಗನಿಗೆ ಇಕಿನ್ನ ಕೇಳಾಕ ಬಂದರ ಕೊಡಾಕ ಬರಂಗಿಲ್ಲ ಮತ್ತ. ಅಣ್ಣ ತಂಗಿ ಆಗಿಬಿಡ್ತಾರ.”

“ಹಂಗೂ ನೀ ಕೊಡೂ ಪೈಕಿ ಅಲ್ಲ ಬಿಡು,” ಎಂದು ಅಕ್ಕ ನಕ್ಕಳು.

ಕೂಸು ಆಸೆಯಿಂದ ಬಾಯಿ ಹಚ್ಚಿತು. ಎಳೆಯಿತು, ಬಿಟ್ಟಿತು, ಅಕ್ಕನ ಮುಖ ನೋಡಿತು, ಮತ್ತೆ ಎಳೆಯಿತು. ಏನೂ ಬಾರದೆ ಹೋದಾಗ ಕಿರುಚಿ ಅತ್ತಿತು. ಅಕ್ಕ ನೋವಿಗೆ ತುಟಿ ಕಚ್ಚಿಕೊಂಡು, “ಪಾಪ, ಕೂಸಿಗೆ ಮೋಸ ಮಾಡಿದಂಗ ಆತಲ್ಲ” ಎಂದು ಅದರ ಬೆನ್ನು ಸವರಿದಳು. ಹಾಲು ಬರಲಿಲ್ಲವಾದ್ದರಿಂದ ತಾಯಿತನ ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು ನಾನು ಚೇಷ್ಟೆ ಮಾಡಿದೆ. ಬಾಯಿ ಹಚ್ಚಿತಲ್ಲ, ಅಷ್ಟು ಸಾಕು ಎಂದು ಮಾಬುಬಿ ತೀರ್ಪು ಕೊಟ್ಟಳು. ಈ ಚಿಕಿತ್ಸೆ ಆ ಬೇಸಿಗೆಯೆಲ್ಲ ನಡೆಯಿತು. ಗಂಟು ಕರಗಲಿಲ್ಲ, ಗಟ್ಟಿಯಾಯಿತು.

ದಸರೆಯ ರಜೆಗೆ ಮತ್ತೆ ಹೋದಾಗ, ಅಕ್ಕ ಬಚ್ಚಲಿನಲ್ಲಿ ಬೆನ್ನು ತಿಕ್ಕಲು ಕರೆದಳು. ಅವಳ ಎಡಗೈ ಮೇಲೆತ್ತಲು ಬರುತ್ತಿರಲಿಲ್ಲ. ಚರ್ಮ ಕಿತ್ತಳೆಯ ಸಿಪ್ಪೆಯಂತೆ ತೂತುತೂತಾಗಿ ಒಳಗೆ ಎಳೆದುಕೊಂಡಿತ್ತು. ಮರುದಿನ ಬೆಳಿಗ್ಗೆ ಹುನಗುಂದದ ಬಸ್ಸು ಹತ್ತಿ, ಅಲ್ಲಿಂದ ಬಾಗಲಕೋಟೆಗೆ ಅವಳನ್ನು ಕರೆದುಕೊಂಡು ಬಂದೆ. ಅಲ್ಲಿಗೆ ಮೈಸೂರಿನ ಕಡೆಯ ಒಬ್ಬ ಸರ್ಜನರು ಬಂದಿದ್ದರು. ಈ ಗಂಟುಗಳ ವಿಷಯದಲ್ಲಿ ಅವರಿಗೆ ಆಸ್ಥೆ ಬಹಳ ಎಂದು ನಮ್ಮ ಶಾಲೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಅವರ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ನಾವು ಕೂತಾಗ ಅದರ ಮೇಲೆ ಆಗಲೇ ಇಬ್ಬರಿದ್ದರು. ಒಬ್ಬಳು ಕುಳಗೇರಿ ಕ್ರಾಸಿನ ಚಹಾದ ಅಂಗಡಿಯವಳು. ಇನ್ನೊಬ್ಬಳು ರಾಮಥಾಳದ ಕುರಿಗಾರರ ಹೆಂಗಸು, ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಂಡಿದ್ದಳು. ಮೂವರದೂ ಒಂದೇ ಕಾಯಿಲೆ ಎಂದು ತಿಳಿದ ಕೂಡಲೇ ಮೂವರಿಗೂ ಒಂದೇ ಚಿಂತೆ ಹತ್ತಿತು: ನಮಗೇ ಯಾಕೆ?

“ಯಾರ ಕೂಸಿಗರ ಹಾಲ ಕೊಡದ ಹಂಗ ಕಳಿಸಿದ್ದೇನ ಬೇ?” ಎಂದು ರಾಮಥಾಳದವಳು ಅಕ್ಕನನ್ನು ಕೇಳಿದಳು. “ನಾ ಕಳಿಸಿದ್ದೆ. ನೆಗೆಣ್ಣಿ ಕೂಸು. ಜಗಳಾಗಿತ್ತ ಆಗ.”

ಅಕ್ಕ ಬಹಳ ಹೊತ್ತು ನೆನಪಿಸಿಕೊಂಡಳು. ಹಾಗೆ ಯಾರನ್ನೂ ಕಳಿಸಿದ್ದು ನೆನಪಾಗಲಿಲ್ಲ. ನೆನಪಾಗದ್ದರಿಂದ ಅವಳ ಭಯ ಹೆಚ್ಚೇ ಆಯಿತು. ಕಾರಣ ಸಿಕ್ಕವಳು ಭಂಡಾರ ಹಚ್ಚಿಕೊಂಡು ತಪ್ಪೊಪ್ಪಿಕೊಂಡು ಹಗುರಾಗಿ ಕೂತಿದ್ದಳು, ನನ್ನ ಅಕ್ಕನಿಗೆ ಒಪ್ಪಿಕೊಳ್ಳಲು ತಪ್ಪೇ ಇರಲಿಲ್ಲ.

ಒಳಗೆ ಹೋದರೆ ಡಾಕ್ಟರೂ ಕಾರಣವನ್ನೇ ಹುಡುಕುತ್ತಿದ್ದರು. ಎಷ್ಟನೆಯ ವಯಸ್ಸಿಗೆ ಮದುವೆ, ಮೊದಲ ಹೆರಿಗೆ ಯಾವಾಗ, ಮಕ್ಕಳೆಷ್ಟು, ಹಾಲು ಎಷ್ಟು ಕಾಲ ಕುಡಿಸಿದಿರಿ, ಮುಟ್ಟು ಯಾವಾಗ ಶುರುವಾಯಿತು. ಪರೀಕ್ಷೆ ಮಾಡುವ ಕೈಯಷ್ಟೇ ಮೃದುವಾದ ದನಿ ಅವರದು, ಮೈಸೂರಿನ ಮೆಲುಗನ್ನಡ. ಅಕ್ಕನಿಗೆ ಮಾತ್ರ ಒಂದೊಂದು ಪ್ರಶ್ನೆಯೂ ಪಂಚಾಯತಿಕಟ್ಟೆಯಲ್ಲಿ ನಿಲ್ಲಿಸಿ ಕೇಳಿದಂತೆ ಕೇಳಿಸಿತು. “ಹಾಲ ಕಮ್ಮಿ ಮಾಡಿಲ್ರಿ, ದೇವರಾಣಿ ಮಾಡಿಲ್ರಿ” ಎಂದು ಅವರು ಕೇಳದಿದ್ದುದಕ್ಕೂ ಆಣೆ ಹಾಕಿದಳು. ಕೊನೆಗೆ ಅವರು, “ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇನಮ್ಮ?” ಎಂದರು.

ಅಕ್ಕ ಸೆಟೆದು ಕೂತಳು. “ನಮ್ಮ ಮನಿತನ ಅಂಥಾದ್ದಲ್ರಿ ಸಾಹೇಬ್ರ. ಬೇಕಾದ್ರ ಬಾದಾಮ್ಯಾಗ ಯಾರನ್ನರ ಕೇಳ್ರಿ.”

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಡಾಕ್ಟರು ನನ್ನ ಕಡೆ ನೋಡಿದರು. ಅವರಿಗೆ ನಗು ಬಂದಂತಿರಲಿಲ್ಲ, ದಣಿವಾದಂತಿತ್ತು. ತಮ್ಮ ಪುಸ್ತಕಗಳೆಲ್ಲ ಚಳಿಯ ದೇಶಗಳಲ್ಲಿ ಬರೆದವು ಎಂದರು. ಅವುಗಳ ಪ್ರಕಾರ ಈ ರೋಗ ಬರುವುದು ಮದುವೆಯಾಗದವರಿಗೆ, ಹೆರದವರಿಗೆ, ಇಲ್ಲವೇ ತಡವಾಗಿ ಹೆತ್ತು ಹಾಲುಣಿಸದವರಿಗೆ ಹೆಚ್ಚು. ಆದರೆ ಬಾದಾಮಿಯಿಂದ, ಹುನಗುಂದದಿಂದ, ಇಳಕಲ್ಲಿನಿಂದ ತಮ್ಮ ಮುಂದೆ ಬಂದು ಕೂರುವವರು ಎಳೆಯ ವಯಸ್ಸಿನಲ್ಲೇ ತಾಯಂದಿರಾದವರು, ವರ್ಷಗಟ್ಟಲೆ ಹಾಲುಣಿಸಿದವರು, ಇನ್ನೂ ಮುಟ್ಟು ನಿಲ್ಲದವರು. ಪುಸ್ತಕದ ಹೆಂಗಸು ಬೇರೆ, ಬೆಂಚಿನ ಹೆಂಗಸು ಬೇರೆ. “ಅದಕ್ಕೇ ಎಲ್ಲರನ್ನೂ ಕೇಳುತ್ತೇನೆ. ತಪ್ಪು ಹುಡುಕಲು ಅಲ್ಲ,” ಎಂದರು. ಹಾಗೆಂದು ನನ್ನನ್ನೂ ಕೇಳಿದರು, “ನಿಮಗೆ ಮಕ್ಕಳು?”

“ನನಗ ಮದುವಿ ಆಗಿಲ್ರಿ,” ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು, ಅಷ್ಟೇ. ಆದರೆ ಅಕ್ಕ, ಚರಕದ ಮುಂದೆ ಕೂತು ಕೂತು ಒಂದೇ ಎಳೆ ಎಲ್ಲಿ ಹರಿಯಿತೆಂದು ಸದ್ದಿನಲ್ಲೇ ಹಿಡಿಯುತ್ತಿದ್ದ ನನ್ನ ಅಕ್ಕ, ಅದನ್ನು ಹಿಡಿದುಬಿಟ್ಟಳು.

“ಹಂಗಾರ ಪುಸ್ತಕದಾಗ ಬರದಿದ್ದು ನಮ್ಮ ತಂಗಿ ಸುಶೀಲಾನ ಸಲುವಾಗಿ ಏನ್ರಿ? ಇದು ಆಕಿಗೆ ಬರಬೇಕಾಗಿದ್ದಾ?”

“ಹಾಗಲ್ಲಮ್ಮ. ಅದು ಬರಿಯ ಸಾಧ್ಯತೆಯ ಲೆಕ್ಕ. ಯಾರದೂ ಯಾರಿಗೂ ಹೋಗುವುದಿಲ್ಲ. ನಿಮಗೆ ಬಂದದ್ದರಿಂದ ನಿಮ್ಮ ತಂಗಿ ಇನ್ನೂ ಎಚ್ಚರವಾಗಿರಬೇಕು, ನಿಜ ಹೇಳಬೇಕೆಂದರೆ.”

ಅಕ್ಕ ಆ ಕೊನೆಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವಳ ಮುಖದ ಮೇಲೆ, ಆ ಬೆಂಚಿನ ಮೇಲೆ ಎಷ್ಟು ಹುಡುಕಿದರೂ ಸಿಗದಿದ್ದ ಸಮಾಧಾನ ಬಂದು ಕೂತಿತ್ತು.

“ಛಲೋ ಆತು ಬಿಡ್ರಿ. ನಮ್ಮ ಮನ್ಯಾಗ ಮೊದಲಿಂದೂ ಎಲ್ಲಾ ನನಗ ಮೊದಲ ಬರ್ತೈತಿ, ಆಮ್ಯಾಲೆ ಆಕಿಗೆ ಹೋಗತೈತಿ. ಲಂಗಾ, ಪಾಟಿ, ದಡಾರ, ಎಲ್ಲಾ ಕೊಟ್ಟೇನಿ. ಇದೊಂದ ನಾ ಕೊಡಂಗಿಲ್ಲ. ತಗೀರಿ, ಏನ ತಗೀತೀರಿ.”

ಎಡಗಡೆಯದನ್ನು ಪೂರ್ತಿ ತೆಗೆಯುವ ಆಪರೇಷನ್ನಿಗೆ ಅವಳ ಒಪ್ಪಿಗೆ ಸಿಕ್ಕಿದ್ದು ಹೀಗೆ. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ. ಕುಳಗೇರಿಯವಳು ನನಗೂ ರೋಗವಿದೆಯೆಂದು ತಿಳಿದು ಸೆರಗಿನಿಂದ ನನ್ನ ಕಣ್ಣೊರೆಸಿದಳು.

ಆಪರೇಷನ್ನಿನ ನಂತರ ಡಾಕ್ಟರು ಮತ್ತೊಂದು ವಿಷಯ ಹೇಳಿದರು. ಅಕ್ಕನನ್ನು ನೋಡಲು ಬಂದಿದ್ದ ಮಾಬುಬಿಯೂ ಹಾಸಿಗೆಯ ಪಕ್ಕದಲ್ಲಿದ್ದಳು. ಎಲ್ಲ ಗಂಟೂ ಒಂದೇ ಅಲ್ಲ, ಅವುಗಳಲ್ಲಿ ಜಾತಿಗಳಿವೆ ಎಂದರು ಅವರು. ಒಂದು ಜಾತಿ ಹೆಣ್ಣುಮೈಯ ರಸಗಳ ಮಾತು ಕೇಳುತ್ತದೆ. ಆ ರಸ ಸಿಗದ ಹಾಗೆ ಮಾಡಿದರೆ ಅದು ಸೊರಗುತ್ತದೆ. ಇನ್ನೊಂದು ಯಾರ ಮಾತನ್ನೂ ಕೇಳುವುದಿಲ್ಲ. ಎಳೆಯರಲ್ಲಿ ಬರುತ್ತದೆ, ಬೇಗ ಬೆಳೆಯುತ್ತದೆ. ಯಾವುದು ಯಾವುದೆಂದು ಮೊದಲೇ ಖಚಿತವಾಗಿ ತಿಳಿಯುವ ದಾರಿ ಇಲ್ಲಿ ನಮ್ಮ ಹತ್ತಿರ ಇಲ್ಲ, ಬೆಳೆದ ರೀತಿ ನೋಡಿ ಊಹಿಸಬೇಕು ಎಂದರು.

“ಅಯ್ಯ, ಅದಕ್ಕೂ ಜಾತಿ ಬಿಟ್ಟಿಲ್ಲೇನ್ರಿ?” ಎಂದಳು ಮಾಬುಬಿ.

“ನಂದು ಯಾವ ಜಾತಿರಿ?” ಎಂದು ಅಕ್ಕ ಕೇಳಿದಳು. ಡಾಕ್ಟರು ಅವಳ ಕೈಯ ನಾಡಿ ಹಿಡಿದು ಕಿಟಕಿಯ ಕಡೆ ನೋಡುತ್ತ, ನೋಡೋಣಮ್ಮ ಎಂದರು. ನನಗೆ ಉತ್ತರ ತಿಳಿಯಿತು. ಅಕ್ಕನಿಗೂ ತಿಳಿದಿರಬೇಕು, ಅವಳು ಮತ್ತೆ ಕೇಳಲಿಲ್ಲ.

ಆಮೇಲೆ ದೂರದ ಊರಿನಲ್ಲಿ ‘ಕರೆಂಟು’ ಕೊಡಿಸಿದೆವು; ಕಿರಣದ ಚಿಕಿತ್ಸೆಗೆ ನಮ್ಮ ಜನ ಇಟ್ಟ ಹೆಸರು ಅದು. ಚರ್ಮ ಕಪ್ಪಗಾಯಿತು, ನುಂಗುವುದು ಕಷ್ಟವಾಯಿತು. ಬಸ್ಸು, ಧರ್ಮಶಾಲೆ, ಸಾಲು, ಮತ್ತೆ ಬಸ್ಸು. ಆ ದಿನಗಳ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಬರೀ ಆಯಾಸ ನೆನಪಾಗುತ್ತದೆ, ಅದರೊಳಗಿನ ಘಟನೆಗಳು ನೆನಪಾಗುವುದಿಲ್ಲ. ದೊಡ್ಡ ದುಃಖದಲ್ಲಿ ಮನುಷ್ಯ ಎಲ್ಲವನ್ನೂ ಆಳವಾಗಿ ಅನುಭವಿಸುತ್ತಾನೆಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗಂತೂ ಹೆಚ್ಚಿನ ಹೊತ್ತು ನಿದ್ದೆ ಬರುತ್ತಿತ್ತು.

ಇಳಕಲ್ಲಿಗೆ ಮರಳಿದ ಮೇಲೆ ಅಕ್ಕನಿಗೆ ಎದುರಾದದ್ದು ಕುಬಸದ ಪ್ರಶ್ನೆ. ನಮ್ಮ ಕಡೆಯ ಕುಬಸ ಗುಳೇದಗುಡ್ಡದ ಖಣದ ಬಟ್ಟೆಯದು, ಮುಂದೆ ಎರಡು ತುದಿ ಸೇರಿಸಿ ಗಂಟು ಹಾಕುವಂಥದ್ದು. ಎಡಗಡೆ ತುಂಬಲು ಏನೂ ಇಲ್ಲದೆ ಗಂಟು ಪಕ್ಕಕ್ಕೆ ಜಾರುತ್ತಿತ್ತು. ಅರಳೆ ತುರುಕಿಕೊಂಡಳು, ಅದು ಹಗುರ, ಚರಕ ತಿರುಗಿಸುವಾಗ ಮೇಲೇರಿ ಭುಜದ ಹತ್ತಿರ ಬಂದು ಕೂರುತ್ತಿತ್ತು. ಚಿಂದಿ ತುಂಬಿದರೆ ಸೆಕೆಗೆ ಗಾಯ ಉರಿಯುತ್ತಿತ್ತು. ನೀರು ತರಲು ಹೋಗುವುದನ್ನೇ ಬಿಟ್ಟಳು. ನಾನು ಸಮಾಧಾನದ ಮಾತು ಹೇಳಿದೆ, ಜೀವ ಉಳಿದಿದೆಯಲ್ಲ, ಇದೇನು ಮಹಾ ಎಂದೆ. ಎರಡೂ ಕಡೆ ನೆಟ್ಟಗಿರುವವರು ಹೇಳುವ ಮಾತು ಅದು.

ಒಂದು ದಿನ ಅವಳು ಪೆಟ್ಟಿಗೆಯಿಂದ ಆ ಹಳೆಯ ದಿಂಬನ್ನು ತೆಗೆದಳು. ಹೊಲಿಗೆ ಬಿಚ್ಚಿ ಸಾಸಿವೆಯನ್ನು ಮೊರಕ್ಕೆ ಸುರಿದಳು. ಕೆಲಹೊತ್ತು ಅಂಗೈಯಲ್ಲಿ ಹಿಡಿದು ಹಿಡಿದು ತೂಕ ನೋಡಿ, “ಮಾಬುಬಿ, ಒಂದ ಸಣ್ಣ ಚೀಲ ಹೊಲದ ಕೊಡ. ಇಷ್ಟ ವಜ್ಜಿ ಬರಬೇಕು ನೋಡ” ಎಂದಳು. ಮಾಬುಬಿ ಅಕ್ಕನದೇ ಹಳೆಯ ಸೀರೆಯ ತುಂಡಿನಲ್ಲಿ ಗುಂಡನೆಯ ಚೀಲ ಹೊಲಿದಳು. ತುಂಬಿ, ಬಲಗಡೆಗೆ ಹೋಲಿಸಿ, ಒಂದಿಷ್ಟು ತೆಗೆದು, ಮತ್ತೊಂದಿಷ್ಟು ಹಾಕಿ, ಇಬ್ಬರೂ ಹುಡುಗಿಯರ ಹಾಗೆ ನಕ್ಕರು. ಸಾಸಿವೆ ಮೈಗೆ ತಕ್ಕಂತೆ ಕೂತಿತು. ಬಗ್ಗಿದರೆ ಬಗ್ಗಿತು, ಎದ್ದರೆ ಜೊತೆಗೇ ಇಳಿಯಿತು, ತಂಪಾಗಿಯೂ ಇತ್ತು. ಕುಬಸದ ಗಂಟು ನಡುವೆ ಬಂದು ನಿಂತಿತು. ಅಂದು ಸಂಜೆ ಅಕ್ಕ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಉಳಿದ ಸಾಸಿವೆ ಮತ್ತೆ ದಿಂಬಿನೊಳಗೆ ಹೋಯಿತು, ಅರ್ಧ ಖಾಲಿಯಾದ ದಿಂಬು ಪೆಟ್ಟಿಗೆಗೆ ಹೋಯಿತು.

ರೇಶ್ಮಾ ಆಗ ಅಂಬೆಗಾಲಿಡುತ್ತಿದ್ದಳು. ಅವಳಿಗೆ ನಿದ್ದೆ ಬಂದರೆ ತಾಯಿ ಬೇಡ. ಗೋಡೆ ಸುತ್ತಿ ಅಕ್ಕನ ಹತ್ತಿರ ಬಂದು ಎಡ ಮಗ್ಗುಲಿಗೆ ಒರಗುತ್ತಿದ್ದಳು. ಹಿಂದೆ ಅಲ್ಲಿ ಏನೂ ಸಿಗದೆ ಕಿರುಚಿ ಅತ್ತ ಜಾಗ ಅದು. ಈಗ ಆ ಮಧ್ಯಾಹ್ನಗಳಲ್ಲಿ, ಮಗ್ಗದ ಲಟಪಟ ಸದ್ದಿನ ನಡುವೆ, ತಲೆಯನ್ನು ಸಾಸಿವೆಯ ಮೇಲಿಟ್ಟು ಬಾಯಿ ತೆರೆದು ಮಲಗಿಬಿಡುತ್ತಿದ್ದಳು. ಅಕ್ಕ ಬಲಗೈಯಲ್ಲಿ ಕಂಡಿಕೆ ಸುತ್ತುತ್ತ ಎಡಗಡೆ ಅಲುಗಾಡದಂತೆ ಕೂರುತ್ತಿದ್ದಳು. “ಹಾಲ ಕೊಡಾಕ ಆಗಲಿಲ್ಲ, ದಿಂಬ ಆದೆ ನೋಡ,” ಎಂದು ನನಗೆ ಹೇಳಿದಳು. ಅದನ್ನು ಹೇಳುವಾಗ ಅವಳಿಗೆ ಸಂತೋಷವಾಗಿತ್ತು. ನನಗೆ ಎದ್ದು ಹೊರಗೆ ಹೋಗಬೇಕಾಯಿತು.

ಮರುವರ್ಷ ಅವಳಿಗೆ ಎದೆ ನೋವು ಶುರುವಾಯಿತು. ಈ ಸಲ ಶಬ್ದದ ತಪ್ಪಿರಲಿಲ್ಲ, ನಿಜವಾದ ಎದೆಯೇ ನೋಯುತ್ತಿತ್ತು; ರೋಗ ಪುಪ್ಪುಸಕ್ಕೆ ಇಳಿದಿತ್ತು. ಮೊದಲ ಡಾಕ್ಟರು ಕೊಟ್ಟ ಕೆಂಪು ಔಷಧಿ ಆಗ ಬೇಡವಾಗಿತ್ತು, ಈಗ ಅಂಥದೇ ಬಾಟಲಿಯನ್ನು ನಾನೇ ಹುಡುಕಿಕೊಂಡು ತಂದೆ. ಕೆಮ್ಮು ನಿಲ್ಲಲಿಲ್ಲ. ಕೊನೆಯ ವಾರ ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡು, ಸಣ್ಣವಳಿದ್ದಾಗ ಮಾಡುತ್ತಿದ್ದಂತೆ ನನ್ನ ಚಪ್ಪಟೆ ತಲೆಯನ್ನು ಸವರಿ, “ನಿನಗ ಏನೂ ಆಗಂಗಿಲ್ಲ. ನಾ ತೊಗೊಂಡೇನಲ್ಲ” ಎಂದಳು. ಡಾಕ್ಟರು ಹೇಳಿದ್ದು ಹಾಗಲ್ಲ ಎಂದು ನಾನು ಹೇಳಲಿಲ್ಲ. ಅವಳು ಹೋದ ಮೇಲೆ ಮಾಬುಬಿ ಆ ಚೀಲವನ್ನು ದಿಂಬಿನ ಜೊತೆಗಿಟ್ಟು ನನ್ನ ಕೈಗೆ ಕೊಟ್ಟಳು.

ಅಂದಿನಿಂದ ನಾನು ಎರಡು ಲೆಕ್ಕಗಳ ನಡುವೆ ಬದುಕಿದ್ದೇನೆ. ಡಾಕ್ಟರ ಲೆಕ್ಕದಲ್ಲಿ ಅಕ್ಕನಿಗೆ ಬಂದದ್ದರಿಂದ ನನ್ನ ಅಪಾಯ ಹೆಚ್ಚಿತು. ಅಕ್ಕನ ಲೆಕ್ಕದಲ್ಲಿ ಅವಳಿಗೆ ಬಂದದ್ದರಿಂದಲೇ ನನ್ನದು ತೀರಿತು. ಮೊದಲನೆಯದು ಸತ್ಯವೆಂದು ನನಗೆ ಗೊತ್ತು, ಪಾಠ ಹೇಳುವವಳು ನಾನು. ಆದರೆ ಸತ್ಯ ನನ್ನನ್ನು ದಣಿಸಿದಷ್ಟು ಇನ್ನಾವುದೂ ದಣಿಸಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದ ಈ ದಿನಗಳಲ್ಲೂ ಸ್ನಾನ ಮಾಡುವಾಗ ನನ್ನ ಬೆರಳುಗಳು ನನ್ನ ಮಾತು ಕೇಳದೆ ತಾವೇ ಹುಡುಕಾಟಕ್ಕೆ ತೊಡಗುತ್ತವೆ. ವರ್ಷಕ್ಕೊಮ್ಮೆ ಅದೇ ಆಸ್ಪತ್ರೆಗೆ ತೋರಿಸಲು ಹೋದರೆ ಈಗ ಅಲ್ಲಿರುವ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವೇ ಪ್ರಶ್ನೆಗಳನ್ನು ಕೇಳುತ್ತಾಳೆ. ಮದುವೆ? ಇಲ್ಲ. ಮಕ್ಕಳು? ಇಲ್ಲ. ಮನೆತನದಲ್ಲಿ? ಆ ಪ್ರಶ್ನೆ ಬಂದಾಗ ಪ್ರತಿ ಸಲವೂ, ನಮ್ಮ ಮನಿತನ ಅಂಥಾದ್ದಲ್ರಿ ಎನ್ನಬೇಕೆನಿಸುತ್ತದೆ. ನಿಮ್ಮ ಅಕ್ಕನ ಗಂಟು ಯಾವ ವಿಧದ್ದು ಎಂದು ಕಳೆದ ಸಲ ಕೇಳಿದಳು. ಈಗ ದೊಡ್ಡ ಊರುಗಳಲ್ಲಿ ಅದನ್ನು ಪರೀಕ್ಷೆ ಮಾಡಿ ಹೇಳುತ್ತಾರಂತೆ, ಒಂದು ಜಾತಿಗೆ ಗುಳಿಗೆಯೂ ಇದೆಯಂತೆ. ಯಾರ ಮಾತನ್ನೂ ಕೇಳದ ಜಾತಿ ಎಂದೆ. ಅವಳು ತಲೆಯಾಡಿಸಿದಳು, ಬೆಂಚಿನ ಮೇಲಿದ್ದ ಮುಂದಿನವಳನ್ನು ಕರೆದಳು.

ಕಳೆದ ವಾರ ಮಾಬುಬಿ ಇಳಕಲ್ಲಿನಿಂದ ಬಂದಿದ್ದಳು, ಜೊತೆಗೆ ತುಂಬು ಬಸುರಿ ರೇಶ್ಮಾ. ನನ್ನನ್ನು ಚಿಗವ್ವ ಎನ್ನುವವಳು ಅವಳೊಬ್ಬಳೇ ಉಳಿದಿದ್ದಾಳೆ, ಅಕ್ಕನ ಮಕ್ಕಳೆಲ್ಲ ಈಗ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಊಟವಾದ ಮೇಲೆ ಅವಳು ನಾಚಿಕೊಂಡು, “ಚಿಗವ್ವ, ದೊಡ್ಡವ್ವನ ಸಾಸಿವಿ ದಿಂಬ ನಿಮ್ಮ ಹಂತ್ಯಾಕ ಐತಂತ. ನನ್ನ ಕೂಸಿಗೆ ಕೊಡ್ತೀರೇನ್ರಿ?” ಎಂದಳು. ತಾನು ಒರಗಿ ಮಲಗುತ್ತಿದ್ದ ಆ ಎಡ ಮಗ್ಗುಲಿನ ದಿಂಬಿನ ನೆನಪು ಅವಳಿಗಿಲ್ಲ. ಅವಳ ತಲೆ ಗುಂಡಗಿದೆ.

ಪೆಟ್ಟಿಗೆ ತೆರೆದೆ. ದಿಂಬು ಅರ್ಧ ಖಾಲಿಯಾಗಿ ಸೊರಗಿತ್ತು, ನಾನು ಮಲಗಿದ್ದ ಕಾಲದಲ್ಲಿ ಇದ್ದ ಹಾಗೆಯೇ. ಪಕ್ಕದಲ್ಲಿ ಆ ಗುಂಡನೆಯ ಚೀಲ. ಮೊರ ತಂದು ಎರಡರ ಹೊಲಿಗೆಯನ್ನೂ ಬಿಚ್ಚಿದೆ. ಮಾಬುಬಿ ನನ್ನನ್ನು ನೋಡಿದಳು, ಬೇಡವೆನ್ನಲಿಲ್ಲ. ಚೀಲದ ಸಾಸಿವೆಯನ್ನು ದಿಂಬಿಗೆ ಸುರಿದೆ. ತೆಗೆದಿದ್ದಷ್ಟೂ ಮರಳಿ ಬಂದಿತ್ತು. ದಿಂಬು ಬಿಗಿಯಾಗಿ ತುಂಬಿ ಕೂತಿತು. ಬಾಯಿ ಹೊಲಿದು ರೇಶ್ಮಾಳ ಉಡಿಯಲ್ಲಿಟ್ಟೆ.

ಅವರು ಹೋದ ಮೇಲೆ ಆ ಖಾಲಿ ಚೀಲವನ್ನು ಕೈಯಲ್ಲಿ ಹಿಡಿದು ಕೊಡವಿದೆ. ಮೂಲೆಯಲ್ಲಿ ಒಂದು ಕಾಳು ಉಳಿದಿತ್ತು, ಅದೂ ಉದುರಿತು. ಡಾಕ್ಟರ ಲೆಕ್ಕ ಸರಿಯೇ ಇರಬಹುದು, ನಾಳೆಯ ಮಾತು ನನಗೆ ಗೊತ್ತಿಲ್ಲ. ಅಕ್ಕನ ಲಂಗ ನನಗೆ ಬಂತು, ಪಾಟಿ ಬಂತು, ಓಲೆ ಬಂತು, ದಡಾರ ಬಂತು. ಇದೊಂದನ್ನು ಕೊಡುವುದಿಲ್ಲ ಎಂದಿದ್ದಳು. ಈ ಹೊತ್ತಿನವರೆಗೆ ಕೊಟ್ಟಿಲ್ಲ.